ಅಖಾಡ ಯಾವುದೆಂದು ಮೊದಲು ಹೇಳಿ

(ದಾವಣಗೆರೆಯಲ್ಲಿ ಕ್ರೀಡಾಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಹಿರಿಯರೇ, ಗೆಳೆಯರೇ,

ಸಂಘಟಕರು ಕರಪತ್ರದಲ್ಲಿ ಅಚ್ಚು ಹಾಕಿಸಿರುವ ಪ್ರಶ್ನೆ ಇದು: ಹೆವಿವೇಟ್ ಬಾಕ್ಸಿಂಗ್‌ನ ಸಾರ್ವಕಾಲಿಕ ಶ್ರೇಷ್ಠ ಯಾರು? ನಿಮ್ಮಲ್ಲಿ ಅರ್ಧ ಜನ ಅಲಿ ಎಂದೂ ಉಳಿದವರಲ್ಲಿ ಮುಕ್ಕಾಲು ಪಾಲು ಟೈಸನ್ ಎಂದೂ ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದಿದ್ದೀರಿ ಎಂಬುದು ನನಗೆ ಗೊತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯರು ಆಗಲೇ "ಮಾರ್ಸಿಯಾನೋ" ಎಂದು ಕೂಗಿದರು. ಅವರಿಗೂ ಉತ್ತರ ಕೊಡುತ್ತೇನೆ, ಸ್ವಲ್ಪ ತಡವಾಗಿ.

ದಾವಣಗೆರೆ ಕುಸ್ತಿಯ ಊರು. ದುಗ್ಗಮ್ಮನ ಜಾತ್ರೆಯ ಬಯಲು ಜಂಗಿ ಕುಸ್ತಿಯಲ್ಲಿ ಜೋಡಿ ಕಟ್ಟುವ ಹಿರಿಯರನ್ನು ನೀವೆಲ್ಲ ನೋಡಿದ್ದೀರಿ. ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸುತ್ತಾರೆ, ಭುಜ ನೋಡುತ್ತಾರೆ, ಕೊರಳು ನೋಡುತ್ತಾರೆ, ಯಾವ ಗರಡಿ ಎಂದು ವಿಚಾರಿಸುತ್ತಾರೆ. ಸರಿಕಾಣದಿದ್ದರೆ ಒಬ್ಬನ ಬೆನ್ನು ತಟ್ಟಿ ಹಿಂದಕ್ಕೆ ಕಳಿಸುತ್ತಾರೆ. ಮಟ್ಟಿಯಲ್ಲಿ ಬೆಳೆದ ಪೈಲ್ವಾನನನ್ನು ಮ್ಯಾಟಿನ ಮೇಲೆ ನಿಲ್ಲಿಸಿ, ಮೂರು ಮೂರು ನಿಮಿಷದ ಎರಡು ಅವಧಿಯಲ್ಲಿ ಅಂಕ ಗಳಿಸು ಎಂದರೆ ಅವನು ಬೇರೆಯೇ ಮನುಷ್ಯನಾಗುತ್ತಾನೆ ಎಂಬುದು ಅವರಿಗೆ ಗೊತ್ತು. ಇಷ್ಟು ಎಚ್ಚರದ ಊರಿನವರಾದ ನಾವು ಬಾಕ್ಸಿಂಗ್ ವಿಷಯ ಬಂದ ಕೂಡಲೇ 1910ರವನನ್ನು 1988ರವನ ಎದುರು ನಿಲ್ಲಿಸಿ, ಯಾವ ನಿಯಮ, ಎಷ್ಟು ಸುತ್ತು, ಯಾರು ರೆಫರಿ ಎಂದು ಒಂದು ಮಾತೂ ಕೇಳದೆ ಗೆದ್ದವನ ಹೆಸರು ಹೇಳಿಬಿಡುತ್ತೇವೆ. ಇವತ್ತು ನಾನು ಮಾಡಬೇಕೆಂದಿರುವುದು ಇಷ್ಟೇ: ಹೆಸರು ಹೇಳುವ ಮೊದಲು ಅಖಾಡವನ್ನು ಗೊತ್ತುಮಾಡಿಕೊಳ್ಳುವುದು. ಹೆಸರು ಹೇಳದೆ ಜಾರಿಕೊಳ್ಳುವುದಿಲ್ಲ, ಹೆದರಬೇಡಿ.

ಈ ಚಪಲ ನಮ್ಮದೊಂದೇ ಅಲ್ಲ. ಇದನ್ನು ಯಂತ್ರದ ಕೈಯಲ್ಲಿ ಇತ್ಯರ್ಥ ಮಾಡಿಸಲು ಹೊರಟ ಒಬ್ಬ ಮನುಷ್ಯನಿದ್ದ. 1967ರಲ್ಲಿ ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರೆ ವೊರೋನರ್ ಹದಿನಾರು ಮಂದಿ ಹೆವಿವೇಟ್ ಚಾಂಪಿಯನ್ನರ ಒಂದು ಕಾಲ್ಪನಿಕ ಪಂದ್ಯಾವಳಿ ಏರ್ಪಡಿಸಿದ. ಬಾಕ್ಸಿಂಗ್ ಬಲ್ಲವರ ಅಭಿಪ್ರಾಯಗಳನ್ನು ಅಂಕಿಗಳಾಗಿ ಮಾಡಿ ಎನ್‌ಸಿಆರ್ 315 ಎಂಬ ಕಂಪ್ಯೂಟರ್‌ಗೆ ಉಣಿಸಿದರು. ಅದು ಕೊಟ್ಟ ಫಲಿತಾಂಶವನ್ನು ನಿಜವಾದ ಪಂದ್ಯದಂತೆ ವೀಕ್ಷಕ ವಿವರಣೆ ಸೇರಿಸಿ ರೇಡಿಯೊದಲ್ಲಿ ಬಿತ್ತರಿಸಿದರು. ಅಂತಿಮ ಪಂದ್ಯದಲ್ಲಿ ರಾಕಿ ಮಾರ್ಸಿಯಾನೋ ಜ್ಯಾಕ್ ಡೆಂಪ್ಸಿಯನ್ನು 13ನೇ ಸುತ್ತಿನಲ್ಲಿ ಕೆಡವಿದ. ಮಹಮ್ಮದ್ ಅಲಿ? ಅವನು ಅಂತಿಮದ ಹತ್ತಿರಕ್ಕೂ ಬರಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲೇ ಜಿಮ್ ಜೆಫ್ರೀಸ್ ಎದುರು ಸೋತ ಎಂದು ಯಂತ್ರ ಹೇಳಿತು. ಜೆಫ್ರೀಸ್ 1905ರಲ್ಲೇ ನಿವೃತ್ತನಾದವನು!

ಅಲಿ ಸುಮ್ಮನಿರುವವನೇ? ತನ್ನ ಹೆಸರು ಕೆಡಿಸಿದರೆಂದು ಹತ್ತು ಲಕ್ಷ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದ. ಕೊನೆಗೆ ರಾಜಿಯಾಗಿದ್ದು ಹತ್ತು ಸಾವಿರ ಡಾಲರ್‌ಗೆ, ಅದೂ ಒಂದು ಷರತ್ತಿನ ಮೇಲೆ: ಅವನು ಮಾರ್ಸಿಯಾನೋ ಜೊತೆ ಕ್ಯಾಮೆರಾ ಮುಂದೆ ಗುದ್ದಾಡಬೇಕು. ವಿಯೆಟ್ನಾಂ ಯುದ್ಧಕ್ಕೆ ಸೇರುವುದಿಲ್ಲ ಎಂದದ್ದಕ್ಕೆ ಪಟ್ಟ ಕಿತ್ತುಕೊಂಡು, ರಿಂಗಿನಿಂದ ಹೊರಗಿಟ್ಟಿದ್ದ ಕಾಲ ಅದು. ಕೈಯಲ್ಲಿ ಕಾಸಿರಲಿಲ್ಲ, ಒಪ್ಪಿಕೊಂಡ. ಮಾರ್ಸಿಯಾನೋ ನಿವೃತ್ತನಾಗಿ ಹದಿಮೂರು ವರ್ಷವಾಗಿತ್ತು. ಇಪ್ಪತ್ತು ಕಿಲೋಗೂ ಹೆಚ್ಚು ಇಳಿಸಿ, ಬಕ್ಕತಲೆಗೆ ಕೃತಕ ಕೂದಲು ಅಂಟಿಸಿಕೊಂಡು ಬಂದ. 1969ರಲ್ಲಿ ಮಯಾಮಿಯಲ್ಲಿ ಇಬ್ಬರೂ ಒಂದೊಂದು ನಿಮಿಷದ ಎಪ್ಪತ್ತಕ್ಕೂ ಹೆಚ್ಚು ಸುತ್ತುಗಳನ್ನು ಆಡಿ ತೋರಿಸಿದರು. ಬೇರೆ ಬೇರೆ ಮುಕ್ತಾಯಗಳನ್ನು ಚಿತ್ರೀಕರಿಸಿಟ್ಟರು. ಯಾರು ಗೆಲ್ಲುತ್ತಾರೆಂಬುದು ಆ ಇಬ್ಬರಿಗೂ ಗೊತ್ತಿರಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, ಆ ವರ್ಷದ ಆಗಸ್ಟ್ 31ರಂದು, ಮಾರ್ಸಿಯಾನೋ ಸಣ್ಣ ವಿಮಾನವೊಂದರ ಅಪಘಾತದಲ್ಲಿ ತೀರಿಕೊಂಡ. ಮಾರನೆಯ ದಿನ ಅವನಿಗೆ 46 ತುಂಬಬೇಕಿತ್ತು.

1970ರ ಜನವರಿ 20ರಂದು ಚಿತ್ರ ಒಂದೇ ರಾತ್ರಿ ನೂರಾರು ಚಿತ್ರಮಂದಿರಗಳಲ್ಲಿ ತೆರೆ ಕಂಡಿತು. ಅಮೆರಿಕದಲ್ಲಿ ನೋಡಿದವರಿಗೆ ಮಾರ್ಸಿಯಾನೋ 13ನೇ ಸುತ್ತಿನಲ್ಲಿ ಅಲಿಯನ್ನು ಕೆಡವಿದ್ದು ಕಾಣಿಸಿತು. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಅಲಿ ಗೆದ್ದಿದ್ದ. ಅದೇ ಯಂತ್ರ, ಅದೇ ಇಬ್ಬರು, ಸಮುದ್ರದ ಈ ಕಡೆ ಒಂದು ತೀರ್ಪು, ಆ ಕಡೆ ಇನ್ನೊಂದು. ಅಭಿಮಾನಿಗಳನ್ನು ಬೈಯುವವರು ಈ ಯಂತ್ರವನ್ನೊಮ್ಮೆ ನೆನೆಯಬೇಕು.

ಈಗ ಗಾತ್ರದ ಮಾತು. "ಇಂದಿನವರು ದೈತ್ಯರು ಸ್ವಾಮಿ, ಹಳಬರು ಎದುರಿಗೆ ನಿಲ್ಲುವುದೂ ಕಷ್ಟ" ಎನ್ನುವವರಿದ್ದಾರೆ. ಅವರ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಹೆವಿವೇಟ್ ಎಂಬ ವರ್ಗಕ್ಕೆ ಕೆಳಗಿನ ಮಿತಿ ಇದೆ, ಮೇಲಿನ ಮಿತಿ ಇಲ್ಲ. 1979ರ ಹೊತ್ತಿಗೆ ಹೆವಿವೇಟ್‌ಗೆ ಕೆಳಗೆ ಕ್ರೂಸರ್‌ವೇಟ್ ಎಂಬ ಹೊಸ ವರ್ಗ ಹುಟ್ಟಿಕೊಂಡಿತು. ಇಂದು ಅದರ ಮಿತಿ 200 ಪೌಂಡ್, ಅಂದರೆ 90.7 ಕಿಲೋ. ಈ ಅಳತೆಗೋಲು ಹಿಡಿದು ನೋಡಿದರೆ ಡೆಂಪ್ಸಿ ಹೆವಿವೇಟ್ ಅಲ್ಲ, ಮಾರ್ಸಿಯಾನೋ ಅಲ್ಲ. 1938ರಲ್ಲಿ ಮ್ಯಾಕ್ಸ್ ಷ್ಮೆಲಿಂಗ್‌ನನ್ನು 124 ಸೆಕೆಂಡಿನಲ್ಲಿ ಮುಗಿಸಿದ ರಾತ್ರಿಯ ಜೋ ಲೂಯಿಸ್ ಕೂಡ ಕೂದಲೆಳೆಯ ಅಂತರದಲ್ಲಿ ಕ್ರೂಸರ್‌ವೇಟ್. ಮಾರ್ಸಿಯಾನೋನ ಎತ್ತರ ಐದು ಅಡಿ ಹತ್ತು ಅಂಗುಲ, ತೂಕ 84 ಕಿಲೋ, ಎರಡೂ ತೋಳು ಚಾಚಿದರೆ 68 ಅಂಗುಲ. ಲೆನಾಕ್ಸ್ ಲೂಯಿಸ್ ಎತ್ತರ ಆರು ಅಡಿ ಐದು ಅಂಗುಲ, ತೂಕ 110 ಕಿಲೋ ದಾಟಿದ್ದು, ತೋಳಿನ ಚಾಚು 84 ಅಂಗುಲ. ಹದಿನಾರು ಅಂಗುಲದ ವ್ಯತ್ಯಾಸವನ್ನು ಧೈರ್ಯವೊಂದರಿಂದಲೇ ತುಂಬಲು ಆಗುವುದಿಲ್ಲ. ಲೆನಾಕ್ಸ್ ಎಡಗೈ ಚಾಚಿ ನಿಂತರೆ ಮಾರ್ಸಿಯಾನೋ ಅದನ್ನು ದಾಟಿ ಒಳಗೆ ಹೋಗಲೇಬೇಕು, ಹೋಗುವಷ್ಟರಲ್ಲಿ ಏನಾಗುತ್ತದೆ ಎಂಬುದೇ ಪ್ರಶ್ನೆ.

ಆದರೆ ಗಾತ್ರವೇ ಎಲ್ಲವೂ ಆಗಿದ್ದರೆ 1919ರ ಜುಲೈ 4ರಂದು ಟೊಲೀಡೊದಲ್ಲಿ ನಡೆದದ್ದು ನಡೆಯಬಾರದಿತ್ತು. ಜೆಸ್ ವಿಲ್ಲರ್ಡ್ ಆರೂವರೆ ಅಡಿ, 111 ಕಿಲೋ. ಡೆಂಪ್ಸಿ 85 ಕಿಲೋ. ಮೊದಲ ಸುತ್ತಿನಲ್ಲೇ ವಿಲ್ಲರ್ಡ್ ಏಳು ಬಾರಿ ನೆಲ ಕಂಡ, ಮೂರು ಸುತ್ತು ಮುಗಿದ ಮೇಲೆ ಮೇಲೇಳಲಿಲ್ಲ. 1934ರಲ್ಲಿ ಇಟಲಿಯ ಪ್ರೈಮೋ ಕಾರ್ನೆರಾ 119 ಕಿಲೋ ತೂಗುತ್ತಿದ್ದ. ಅವನಿಗಿಂತ 24 ಕಿಲೋ ಕಡಿಮೆಯಿದ್ದ ಮ್ಯಾಕ್ಸ್ ಬೇರ್ ಅವನನ್ನು ಹತ್ತು ಬಾರಿಗೂ ಹೆಚ್ಚು ಕೆಡವಿದ. ನಿಜ, ವಿಲ್ಲರ್ಡ್ ಮತ್ತು ಕಾರ್ನೆರಾ ಇಬ್ಬರೂ ದೇಹಕ್ಕೆ ತಕ್ಕ ವಿದ್ಯೆ ಇಲ್ಲದವರು. ವಿದ್ಯೆಯೂ ಸೇರಿದ ದೈತ್ಯ ಬೇಕೆಂದರೆ ಲೆನಾಕ್ಸ್ ಲೂಯಿಸ್, ವ್ಲಾದಿಮಿರ್ ಕ್ಲಿಚ್ಕೊ, ಟೈಸನ್ ಫ್ಯೂರಿಯವರೆಗೆ ಕಾಯಬೇಕು. ಆ ಫ್ಯೂರಿಯನ್ನು, ಆರು ಅಡಿ ಒಂಬತ್ತು ಅಂಗುಲದವನನ್ನು, 2024ರಲ್ಲಿ ರಿಯಾದ್‌ನಲ್ಲಿ ಎರಡು ಸಲ ಸೋಲಿಸಿದವನು ಯಾರು? ಕ್ರೂಸರ್‌ವೇಟ್‌ನಿಂದ ಮೇಲೆ ಬಂದ ಉಕ್ರೇನಿನ ಅಲೆಕ್ಸಾಂಡರ್ ಉಸಿಕ್. ಅವನ ಎತ್ತರ ಆರು ಅಡಿ ಮೂರು ಅಂಗುಲ, ತೋಳಿನ ಚಾಚು 78 ಅಂಗುಲ. ಎರಡೂ ಅಲಿಯದೇ ಅಳತೆ. ಅಲಿಯ ಅಳತೆಯ ಮನುಷ್ಯ ಇಂದಿನ ದೈತ್ಯರ ನಡುವೆ ಬದುಕಲಾರ ಎಂಬ ವಾದ ಆ ಎರಡು ರಾತ್ರಿಗಳಲ್ಲಿ ಸತ್ತಿತು ಎಂದು ನಾನು ಭಾವಿಸುತ್ತೇನೆ.

ಮಾರ್ಸಿಯಾನೋ ಹೆಸರು ಕೂಗಿದ ಹಿರಿಯರೇ, ಈಗ ನಿಮ್ಮ ಸರದಿ. ನಲವತ್ತೊಂಬತ್ತು ಪಂದ್ಯ, ನಲವತ್ತೊಂಬತ್ತು ಗೆಲುವು, ಅದರಲ್ಲಿ 43 ನಾಕೌಟ್, ಒಂದೂ ಸೋಲಿಲ್ಲ. ದೊಡ್ಡ ಮಾತೇ. ಈಗ 1952ರ ಸೆಪ್ಟೆಂಬರ್ 23ರ ಫಿಲಡೆಲ್ಫಿಯಾಕ್ಕೆ ಬನ್ನಿ. ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್ ಮೊದಲ ಸುತ್ತಿನಲ್ಲೇ ಮಾರ್ಸಿಯಾನೋನನ್ನು ಕೆಡವಿದ್ದಾನೆ. ಹನ್ನೆರಡು ಸುತ್ತು ಮುಗಿದಿವೆ. ಅಂಕ ಬರೆಯುವ ಮೂವರ ಚೀಟಿಯಲ್ಲೂ ವಾಲ್ಕಾಟ್ ಮುಂದಿದ್ದಾನೆ. 13ನೇ ಸುತ್ತಿನಲ್ಲಿ ಮಾರ್ಸಿಯಾನೋನ ಬಲಗೈ ಒಂದು ಅಡಿಗಿಂತ ಹೆಚ್ಚು ದೂರ ಹೋಗಲಿಲ್ಲ. ವಾಲ್ಕಾಟ್ ಹಗ್ಗಕ್ಕೆ ಜೋತುಬಿದ್ದು ನಿಧಾನವಾಗಿ ಮಡಿಚಿಕೊಂಡ. ಬಾಕ್ಸಿಂಗ್‌ನಲ್ಲಿ ಹೊಡೆದ ಅತ್ಯುತ್ತಮ ಒಂಟಿ ಗುದ್ದು ಯಾವುದು ಎಂದರೆ ನಾನು ಅದನ್ನೇ ಹೇಳುತ್ತೇನೆ. ಆದರೆ ಇಂದು ಪಟ್ಟದ ಪಂದ್ಯಕ್ಕೆ ಹನ್ನೆರಡೇ ಸುತ್ತು. ಆ ಗುದ್ದು ಹೊರಬರುವ ಮೊದಲೇ ಗಂಟೆ ಬಾರಿಸಿ, ವಾಲ್ಕಾಟ್‌ನ ಕೈ ಎತ್ತಿ, ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದರು. ನಿಮ್ಮ ಸೋಲಿಲ್ಲದ ಸರದಾರ ಅವತ್ತೇ ಸೋತಿರುತ್ತಿದ್ದ.

ಇದು ಒಂದೇ ಉದಾಹರಣೆಯಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. 1941ರ ಜೂನ್ 18, ನ್ಯೂಯಾರ್ಕ್. ಜೋ ಲೂಯಿಸ್ ಎದುರು ಬಿಲ್ಲಿ ಕಾನ್. ಕಾನ್ ಮೂಲತಃ ಲೈಟ್ ಹೆವಿವೇಟ್, ಲೂಯಿಸ್‌ಗಿಂತ ಹತ್ತು ಕಿಲೋಗೂ ಹೆಚ್ಚು ಹಗುರ. ಆದರೂ ಹನ್ನೆರಡು ಸುತ್ತು ಮುಗಿದಾಗ ಮೂವರ ಪೈಕಿ ಇಬ್ಬರ ಚೀಟಿಯಲ್ಲಿ ಕಾನ್ ಮುಂದಿದ್ದ, ಮೂರನೆಯದರಲ್ಲಿ ಸರಿಸಮ. ಇನ್ನು ಮೂರು ಸುತ್ತು ತಪ್ಪಿಸಿಕೊಂಡು ಓಡಾಡಿದ್ದರೆ ಸಾಕಿತ್ತು. ಅವನು 13ನೇ ಸುತ್ತಿನಲ್ಲಿ ಲೂಯಿಸ್‌ನನ್ನು ಕೆಡವಲು ಹೋದ, ತಾನೇ ಬಿದ್ದ. ಸುತ್ತು ಮುಗಿಯಲು ಎರಡು ಸೆಕೆಂಡು ಉಳಿದಿತ್ತು. ಹನ್ನೆರಡು ಸುತ್ತಿನ ಲೋಕದಲ್ಲಿ ಆ ರಾತ್ರಿ ಲೂಯಿಸ್ ಪಟ್ಟ ಕಳೆದುಕೊಳ್ಳುತ್ತಾನೆ. 25 ಬಾರಿ ಪಟ್ಟ ಉಳಿಸಿಕೊಂಡ, ಹನ್ನೊಂದು ವರ್ಷ ಎಂಟು ತಿಂಗಳು ಆಳಿದ ಎಂಬ ದಾಖಲೆಗಳಿಲ್ಲ. ಲ್ಯಾರಿ ಹೋಮ್ಸ್ 1978ರಲ್ಲಿ ಕೆನ್ ನಾರ್ಟನ್‌ನಿಂದ ಪಟ್ಟ ಗೆದ್ದಿದ್ದು 15ನೇ ಸುತ್ತಿನ ಗುದ್ದಾಟದಲ್ಲಿ, ಅದೂ ಒಂದೇ ಅಂಕದ ಅಂತರದಲ್ಲಿ.

ಹದಿನೈದು ಹನ್ನೆರಡಾದದ್ದು ಸುಮ್ಮನೆ ಅಲ್ಲ. 1982ರ ನವೆಂಬರ್‌ನಲ್ಲಿ ಕೊರಿಯಾದ ಕಿಮ್ ಡುಕ್ ಕೂ ಎಂಬ ಲೈಟ್‌ವೇಟ್ ಬಾಕ್ಸರ್ ರೇ ಮ್ಯಾನ್ಸಿನಿ ಎದುರು 14ನೇ ಸುತ್ತಿನಲ್ಲಿ ಬಿದ್ದವನು ಕೆಲವು ದಿನಗಳಲ್ಲೇ ತೀರಿಕೊಂಡ. ಆ ಸಾವಿನ ನಂತರ ಡಬ್ಲ್ಯುಬಿಸಿ, ಅಂದರೆ ವಿಶ್ವ ಬಾಕ್ಸಿಂಗ್ ಮಂಡಳಿ, ತನ್ನ ಪಟ್ಟದ ಪಂದ್ಯಗಳನ್ನು ಹನ್ನೆರಡು ಸುತ್ತಿಗೆ ಇಳಿಸಿತು, ಉಳಿದ ಸಂಸ್ಥೆಗಳು ಆ ದಶಕ ಮುಗಿಯುವುದರೊಳಗೆ ಹಿಂಬಾಲಿಸಿದವು. ಸರಿಯಾದ ನಿರ್ಧಾರವೇ. ಆದರೆ ಆ ಮೂರು ಸುತ್ತುಗಳ ಜೊತೆಗೆ ಒಂದು ಜಾತಿಯ ಬಾಕ್ಸರನೂ ಹೋದ: ಮೊದಲ ಹತ್ತು ಸುತ್ತು ಏಟು ತಿಂದು, ಎದುರಾಳಿಯ ಉಸಿರನ್ನು ಲೆಕ್ಕ ಹಾಕಿ, ಕೊನೆಗೆ ಬಂದು ಬಡ್ಡಿ ಸಮೇತ ವಸೂಲಿ ಮಾಡುವವನು.

ಹಳೆಯ ಕಾಲಕ್ಕೆ ಹೋದಷ್ಟೂ ಅಖಾಡ ಇನ್ನೂ ವಿಚಿತ್ರ. 1889ರಲ್ಲಿ ಅಂದಿನ ಚಾಂಪಿಯನ್ ಜಾನ್ ಸಲ್ಲಿವನ್ ಜೇಕ್ ಕಿಲ್ರೇನ್ ಎದುರು ಬರಿಗೈಯಲ್ಲಿ 75 ಸುತ್ತು ಆಡಿದ. ಒಬ್ಬ ಬಿದ್ದರೆ ಸುತ್ತು ಮುಗಿದಂತೆ ಎಂಬುದು ಅಂದಿನ ನಿಯಮ. ಡೆಂಪ್ಸಿ ವಿಲ್ಲರ್ಡ್‌ನನ್ನು ಕೆಡವುವಾಗ ಬಿದ್ದವನ ಪಕ್ಕದಲ್ಲೇ ನಿಂತು, ಏಳುತ್ತಿದ್ದಂತೆ ಮತ್ತೆ ಹೊಡೆಯುವುದಕ್ಕೆ ಅಡ್ಡಿಯಿರಲಿಲ್ಲ. ಕೆಡವಿದವನು ದೂರದ ಮೂಲೆಗೆ ಹೋಗಬೇಕೆಂಬ ನಿಯಮ ಬಂದ ಮೇಲೆ, 1927ರಲ್ಲಿ ಷಿಕಾಗೊದಲ್ಲಿ, ಅದೇ ಡೆಂಪ್ಸಿ ಜೀನ್ ಟನಿಯನ್ನು ಕೆಡವಿ ಹಳೆಯ ಅಭ್ಯಾಸದಂತೆ ಅಲ್ಲೇ ನಿಂತ. ಅವನನ್ನು ಮೂಲೆಗೆ ಕಳಿಸುವವರೆಗೆ ರೆಫರಿ ಎಣಿಕೆ ಶುರುಮಾಡಲಿಲ್ಲ, ಟನಿಗೆ ಸುಧಾರಿಸಿಕೊಳ್ಳಲು ಸಮಯ ಸಿಕ್ಕಿತು, ಕೊನೆಗೆ ಅವನೇ ಗೆದ್ದ. ಡೆಂಪ್ಸಿಯನ್ನು ಟೈಸನ್ ಎದುರು ನಿಲ್ಲಿಸುತ್ತೇನೆ ಎನ್ನುವವರು 1919ರ ನಿಯಮದಲ್ಲೋ 1927ರದ್ದರಲ್ಲೋ ಎಂದು ಹೇಳಬೇಕಾಗುತ್ತದೆ.

ಇನ್ನು ನನಗೆ ಅತ್ಯಂತ ಮುಖ್ಯವೆನಿಸುವ ವಿಷಯ. ಗಾತ್ರ, ಸುತ್ತು, ಕೈಗವಸು ಇವೆಲ್ಲವನ್ನೂ ಹೇಗೋ ಸರಿದೂಗಿಸಬಹುದು. ಸರಿದೂಗಿಸಲಾಗದ್ದು ಆಡದೇ ಉಳಿದ ಪಂದ್ಯಗಳನ್ನು.

ಸಲ್ಲಿವನ್ ಕರಿಯರ ಜೊತೆ ಆಡುವುದಿಲ್ಲ ಎಂದು ಬಹಿರಂಗವಾಗಿ ಹೇಳಿದ. ಅವನ ಕಾಲದಲ್ಲಿ ಪೀಟರ್ ಜಾಕ್ಸನ್ ಎಂಬ ಕರಿಯ ಬಾಕ್ಸರನಿದ್ದ. ಮುಂದೆ ಸಲ್ಲಿವನ್‌ನನ್ನೇ ಸೋಲಿಸಲಿದ್ದ ಜಿಮ್ ಕಾರ್ಬೆಟ್ ಜೊತೆ 1891ರಲ್ಲಿ 61 ಸುತ್ತು ಆಡಿ, ಪಂದ್ಯ ಫಲಿತಾಂಶವಿಲ್ಲದೆ ನಿಲ್ಲುವವರೆಗೂ ಸೋಲದೆ ಉಳಿದವನು ಅವನು. ಪಟ್ಟದ ಪಂದ್ಯ ಅವನಿಗೆ ಸಿಗಲೇ ಇಲ್ಲ. ಜ್ಯಾಕ್ ಜಾನ್ಸನ್‌ಗೆ ಸಿಕ್ಕಿದ್ದು ಚಾಂಪಿಯನ್ ಟಾಮಿ ಬರ್ನ್ಸ್‌ನನ್ನು ದೇಶದಿಂದ ದೇಶಕ್ಕೆ ಬೆನ್ನಟ್ಟಿದ ಮೇಲೆ. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ 14ನೇ ಸುತ್ತಿನಲ್ಲಿ ಪೊಲೀಸರೇ ಪಂದ್ಯ ನಿಲ್ಲಿಸಿದರು, ಬರ್ನ್ಸ್ ಅಷ್ಟು ಏಟು ತಿಂದಿದ್ದ. ಬಿಳಿಯರ ಮಾನ ಉಳಿಸಲು ನಿವೃತ್ತ ಜೆಫ್ರೀಸ್‌ನನ್ನು ಹೊಲದಿಂದ ಎಬ್ಬಿಸಿ ತಂದರು. 1910ರ ಜುಲೈ 4ರಂದು ರೀನೊದಲ್ಲಿ ಜಾನ್ಸನ್ ಅವನನ್ನು 15ನೇ ಸುತ್ತಿನಲ್ಲಿ ಮುಗಿಸಿದ. ಅಂದು ಸಂಜೆ ಅಮೆರಿಕದ ಹಲವು ನಗರಗಳಲ್ಲಿ ಕರಿಯರ ಮೇಲೆ ದಾಳಿಗಳಾದವು, ಜನ ಸತ್ತರು. ವೊರೋನರ್‌ನ ಯಂತ್ರ ಅಲಿಯನ್ನು ಸೋಲಿಸಲು ಆರಿಸಿದ್ದು ಇದೇ ಜೆಫ್ರೀಸ್‌ನನ್ನು. ಯಂತ್ರಕ್ಕೆ ಉಣಿಸಿದ ಕೈಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

ಆದರೆ ಜಾನ್ಸನ್‌ನನ್ನೂ ಬಿಡುವಂತಿಲ್ಲ. ಸ್ಯಾಮ್ ಲ್ಯಾಂಗ್‌ಫರ್ಡ್ ಎಂಬುವನಿದ್ದ, ಐದು ಅಡಿ ಏಳು ಅಂಗುಲದ ಕುಳ್ಳ. ನನ್ನ ಮಟ್ಟಿಗೆ ಹೆವಿವೇಟ್ ಚರಿತ್ರೆಯ ಅತಿ ದೊಡ್ಡ ಅನ್ಯಾಯದ ಹೆಸರು ಅದು. 1906ರಲ್ಲಿ ಜಾನ್ಸನ್ ಅವನನ್ನು ಸೋಲಿಸಿದ್ದ, ಆಗ ಲ್ಯಾಂಗ್‌ಫರ್ಡ್ ಬಹಳ ಹಗುರ. ಆತ ಬಲಿತ ಮೇಲೆ, ಚಾಂಪಿಯನ್ ಆಗಿದ್ದ ಜಾನ್ಸನ್ ಅವನಿಗೆ ಮತ್ತೆ ಅವಕಾಶ ಕೊಡಲಿಲ್ಲ. ಇಬ್ಬರು ಕರಿಯರ ಪಂದ್ಯಕ್ಕೆ ಬಿಳಿಯ ಪ್ರೇಕ್ಷಕರ ದುಡ್ಡು ಬರುವುದಿಲ್ಲ ಎಂಬುದು ಲೆಕ್ಕಾಚಾರ. ಹಾಗಾಗಿ ಲ್ಯಾಂಗ್‌ಫರ್ಡ್, ಜೋ ಜೆನೆಟ್, ಹ್ಯಾರಿ ವಿಲ್ಸ್ ಮೊದಲಾದವರು ತಮ್ಮತಮ್ಮಲ್ಲೇ ಮತ್ತೆ ಮತ್ತೆ ಗುದ್ದಾಡಿದರು. ಲ್ಯಾಂಗ್‌ಫರ್ಡ್ ಮತ್ತು ವಿಲ್ಸ್ ಹದಿನೈದಕ್ಕೂ ಹೆಚ್ಚು ಬಾರಿ ಎದುರಾದರು. ದೃಷ್ಟಿ ಮಂಜಾದ ಮೇಲೂ ಆಡಿದ ಲ್ಯಾಂಗ್‌ಫರ್ಡ್ ಕೊನೆಗೆ ಕುರುಡನಾದ. ಡೆಂಪ್ಸಿ 1919ರಿಂದ 1926ರವರೆಗೆ ಚಾಂಪಿಯನ್ ಆಗಿದ್ದ, ಆ ಅವಧಿಯುದ್ದಕ್ಕೂ ವಿಲ್ಸ್ ಅವನ ಬಾಗಿಲಲ್ಲಿ ನಿಂತಿದ್ದ. ಆ ಪಂದ್ಯ ನಡೆಯಲಿಲ್ಲ. ಜಾನ್ಸನ್ 1915ರಲ್ಲಿ ಹವಾನಾದಲ್ಲಿ ಸೋತ ಮೇಲೆ ಮತ್ತೊಬ್ಬ ಕರಿಯನಿಗೆ ಪಟ್ಟಕ್ಕಾಗಿ ಆಡುವ ಅವಕಾಶ ಸಿಕ್ಕಿದ್ದು 1937ರಲ್ಲಿ, ಜೋ ಲೂಯಿಸ್‌ಗೆ. ಇಪ್ಪತ್ತೆರಡು ವರ್ಷ!

ಆದ್ದರಿಂದ ಡೆಂಪ್ಸಿ ಶ್ರೇಷ್ಠನೋ ಅಲ್ಲವೋ ಎಂದು ನನ್ನನ್ನು ಕೇಳಿದರೆ, ಅವನು ತನ್ನ ಕಾಲದ ಎಲ್ಲರನ್ನೂ ಎದುರಿಸಲಿಲ್ಲ ಎನ್ನುತ್ತೇನೆ. ಅಂದಿನ ಪಟ್ಟದ ಸುತ್ತ ಬೇಲಿ ಹಾಕಿದ್ದರು. ಬೇಲಿಯೊಳಗಿನ ಗೆಲುವನ್ನು ಬಯಲಿನ ಗೆಲುವಿನ ಜೊತೆ ತೂಗಲು ನಾನು ಒಪ್ಪುವುದಿಲ್ಲ.

ಇಲ್ಲಿಂದ ನನ್ನ ಅಳತೆಗೋಲು ಹುಟ್ಟುತ್ತದೆ. ಇವನು ಅವನನ್ನು ಸೋಲಿಸುತ್ತಿದ್ದನೇ ಎಂಬ ಪ್ರಶ್ನೆ ಬಿಟ್ಟು, ಇವನು ತನ್ನ ಕಾಲದಲ್ಲಿ ಯಾರನ್ನು ಎದುರಿಸಿದ, ಅವರು ಯಾವ ಸ್ಥಿತಿಯಲ್ಲಿದ್ದರು, ಯಾರನ್ನು ಬಿಟ್ಟ ಎಂದು ಕೇಳಿ ನೋಡಿ. ಮಾರ್ಸಿಯಾನೋ 1951ರಲ್ಲಿ ಸೋಲಿಸಿದ ಜೋ ಲೂಯಿಸ್‌ಗೆ 37 ವರ್ಷ, ವಾಲ್ಕಾಟ್‌ಗೆ 38, ಕೊನೆಯ ಎದುರಾಳಿ ಆರ್ಚಿ ಮೂರ್ ಕೂಡ ನಲವತ್ತರ ಆಸುಪಾಸು. ಸಿಕ್ಕವರನ್ನೆಲ್ಲ ಹೊಡೆದ, ಅದು ಅವನ ತಪ್ಪಲ್ಲ, ಆದರೆ ಸಿಕ್ಕವರು ಸಂಜೆಯ ಬಿಸಿಲಿನಲ್ಲಿದ್ದರು. ಜೋ ಲೂಯಿಸ್ 1941ರ ಜನವರಿಯಿಂದ ಸೆಪ್ಟೆಂಬರ್ ಒಳಗೆ ಏಳು ಬಾರಿ ಪಟ್ಟ ಪಣಕ್ಕಿಟ್ಟ. ಇಂದಿನ ಚಾಂಪಿಯನ್ನರು ವರ್ಷಕ್ಕೆ ಎರಡು ಸಲ ರಿಂಗಿಗಿಳಿದರೆ ಹೆಚ್ಚು. ಪತ್ರಿಕೆಯವರು ಲೂಯಿಸ್‌ನ ಎದುರಾಳಿಗಳನ್ನು ತಿಂಗಳಿಗೊಬ್ಬ ದಂಡಪಿಂಡ ಎಂಬರ್ಥದಲ್ಲಿ ಗೇಲಿ ಮಾಡಿದರು. ಗೇಲಿ ಮಾಡುವುದು ಸುಲಭ. ತಿಂಗಳಿಗೊಬ್ಬ ಸಾಧಾರಣನನ್ನು ಎಡವದೆ ದಾಟುವುದೂ ಒಂದು ವಿದ್ಯೆ, ಅದನ್ನು ಟೋಕಿಯೊದಲ್ಲಿ ಟೈಸನ್ ಕಲಿತ.

ಟೈಸನ್ ಅಭಿಮಾನಿಗಳು ಈಗ ಕುರ್ಚಿಯಲ್ಲಿ ನೆಟ್ಟಗಾದರು. 1986ರ ನವೆಂಬರ್ 22ರಂದು ಇಪ್ಪತ್ತು ವರ್ಷ ನಾಲ್ಕು ತಿಂಗಳ ಹುಡುಗ ಟ್ರೆವರ್ ಬರ್ಬಿಕ್‌ನನ್ನು ಎರಡನೇ ಸುತ್ತಿನಲ್ಲಿ ಕೆಡವಿ ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಆದ. 1988ರಲ್ಲಿ ಅಜೇಯ ಮೈಕೆಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದ. ಅದೇ ವರ್ಷ ಲ್ಯಾರಿ ಹೋಮ್ಸ್‌ನನ್ನು ನಾಕೌಟ್ ಮಾಡಿದ. ಹೋಮ್ಸ್ ತನ್ನ 75 ಪಂದ್ಯಗಳಲ್ಲಿ ನಾಕೌಟ್ ಆದದ್ದು ಅದೊಂದೇ ಸಲ. ಆ ಎರಡು ವರ್ಷಗಳ ಟೈಸನ್ ಮೊದಲ ನಾಲ್ಕು ಸುತ್ತಿನಲ್ಲಿ ಚರಿತ್ರೆಯ ಯಾರನ್ನಾದರೂ ಕೆಡವಬಲ್ಲವನಾಗಿದ್ದ. ಇದನ್ನು ನಾನು ಮನಸ್ಫೂರ್ತಿಯಾಗಿ ಒಪ್ಪುತ್ತೇನೆ. ಐದನೇ ಸುತ್ತಿನಲ್ಲಿ ಎದುರಾಳಿ ಇನ್ನೂ ನಿಂತಿದ್ದು, ಹೆದರದೆ ತಿರುಗಿ ಹೊಡೆದರೆ? 1990ರ ಫೆಬ್ರುವರಿ 11ರಂದು ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಹಾಗೆ ಮಾಡಿದ, ಹತ್ತನೇ ಸುತ್ತಿನಲ್ಲಿ ಟೈಸನ್ ನೆಲದಲ್ಲಿ ಹಲ್ಲುಗವಸು ತಡಕಾಡುತ್ತಿದ್ದ. 1996ರಲ್ಲಿ ಹೋಲಿಫೀಲ್ಡ್ ಹಾಗೆ ಮಾಡಿದ, 11ನೇ ಸುತ್ತಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿದ. 2002ರಲ್ಲಿ ಮೆಂಫಿಸ್‌ನಲ್ಲಿ ಲೆನಾಕ್ಸ್ ಲೂಯಿಸ್ ಎದುರು ಸೋತದ್ದನ್ನು ನಾನು ಎಣಿಸುವುದೇ ಇಲ್ಲ, ಅಲ್ಲಿ ಇಬ್ಬರಿಗೂ ವಯಸ್ಸಾಗಿತ್ತು.

ಅಲಿ ಎದುರಿಸಿದವರ ಪಟ್ಟಿ ಓದುತ್ತೇನೆ, ಉಸಿರು ಬಿಗಿಹಿಡಿದುಕೊಳ್ಳಿ: ಲಿಸ್ಟನ್ ಎರಡು ಸಲ, ಪ್ಯಾಟರ್ಸನ್ ಎರಡು ಸಲ, ಫ್ರೇಜಿಯರ್ ಮೂರು ಸಲ, ನಾರ್ಟನ್ ಮೂರು ಸಲ, ಫೋರ್‌ಮನ್, ಕ್ವಾರಿ, ಬೊನಾವೆನಾ, ಚುವಾಲೊ, ಲೈಲ್, ಶೇವರ್ಸ್. ಇವರಲ್ಲಿ ಯಾರನ್ನೂ ಬಾಗಿಲಲ್ಲಿ ಕಾಯಿಸಲಿಲ್ಲ. ಲಿಸ್ಟನ್‌ನನ್ನು 1964ರಲ್ಲಿ ಎದುರಿಸಿದಾಗ ಪತ್ರಕರ್ತರಲ್ಲಿ ಬಹುತೇಕರು ಹುಡುಗ ಸಾಯುತ್ತಾನೆಂದು ಹೆದರಿದ್ದರು. ಫೋರ್‌ಮನ್ 1973ರಲ್ಲಿ ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಆರು ಸಲ ಕೆಡವಿದ್ದ, ಅಂಥವನನ್ನು 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಎಂಟನೇ ಸುತ್ತಿನಲ್ಲಿ ಅಲಿ ನೆಲಕ್ಕೆ ಉರುಳಿಸಿದ. ಹಗ್ಗಕ್ಕೆ ಒರಗಿ ಹೊಡೆಸಿಕೊಂಡ ತಂತ್ರವನ್ನು ನಾವೆಲ್ಲ ಹೊಗಳುತ್ತೇವೆ. ಆ ತಂತ್ರ ಬೇಕಾದದ್ದು ಕಾಲು ಹೋಗಿದ್ದರಿಂದ. 1967ರ ಮಾರ್ಚ್‌ನಿಂದ 1970ರ ಅಕ್ಟೋಬರ್‌ವರೆಗೆ, 25ರಿಂದ 28ರ ವಯಸ್ಸಿನವರೆಗೆ, ಅಲಿಯನ್ನು ರಿಂಗಿನಿಂದ ಹೊರಗಿಟ್ಟರು. ಅವನು ಏನಾಗಬಹುದಿತ್ತೋ ಅದನ್ನು ಯಾರೂ ನೋಡಲಿಲ್ಲ. ಮರಳಿ ಬಂದವನು ಬೇರೆ ಬಾಕ್ಸರ್: ನಿಧಾನಿ, ಹಟಮಾರಿ, ಹೊಡೆತ ತಿನ್ನುವವನು. ಆ ಎರಡನೇ ಅಲಿ ಸೋಲಿಸಿದವರು ಮೊದಲನೇ ಅಲಿ ಸೋಲಿಸಿದವರಿಗಿಂತ ಗಟ್ಟಿಗರು. ಒಂದೇ ಹೆಸರಿನಲ್ಲಿ ಇಬ್ಬರು ಚಾಂಪಿಯನ್ನರು ಎನ್ನುವ ಕಾರಣಕ್ಕೆ, ನನ್ನ ಚೀಟಿಯಲ್ಲಿ ಅಲಿಯ ಹೆಸರು.

ಚಪ್ಪಾಳೆ ತಟ್ಟುವವರು ಸ್ವಲ್ಪ ತಡೆಯಿರಿ. ನಾರ್ಟನ್ ಜೊತೆಗಿನ ಮೂರನೇ ಪಂದ್ಯವನ್ನು, 1976ರದ್ದನ್ನು, ನಾನು ನಾರ್ಟನ್‌ಗೇ ಕೊಡುತ್ತೇನೆ. 1975ರಲ್ಲಿ ಮನಿಲಾದಲ್ಲಿ ಫ್ರೇಜಿಯರ್ ಜೊತೆ ಆಡಿದ ಮೂರನೇ ಪಂದ್ಯದ ನಂತರ ಅಲಿ ಆಡಿದ ಪಂದ್ಯಗಳು ಆಡಬಾರದಾಗಿದ್ದವು. ಶೇವರ್ಸ್ ಪಂದ್ಯದ ನಂತರ ಅವನ ವೈದ್ಯ ಫರ್ಡಿ ಪಚೆಕೊ ಬೇಸತ್ತು ತಂಡ ಬಿಟ್ಟುಹೋದ. 1984ರಲ್ಲಿ ಪಾರ್ಕಿನ್ಸನ್ ಇದೆ ಎಂದು ಗೊತ್ತಾಯಿತು. ಇನ್ನೊಂದು ಮಾತು, ಇದಕ್ಕೆ ನೀವು ಬೈಯಬಹುದು: ಇಂದಿನ ಹನ್ನೆರಡು ಸುತ್ತು, ಇಂದಿನ ತೂಕ, 1999ರ ಲೆನಾಕ್ಸ್ ಲೂಯಿಸ್ ಎದುರು 1966ರ ಅಲಿ ಎಂದರೆ ನಾನು ಅಲಿಯ ಮೇಲೆ ದುಡ್ಡು ಕಟ್ಟುವುದಿಲ್ಲ. ಜೋ ಲೂಯಿಸ್ ಎದುರಾದರೆ ಕಟ್ಟುತ್ತೇನೆ. ಓಡಾಡುವವರು ಜೋ ಲೂಯಿಸ್‌ಗೆ ಯಾವಾಗಲೂ ಕಷ್ಟವಾದರು, ಕಾನ್ ಅಂತೂ ಸರಿಯೇ, 1947ರಲ್ಲಿ ವಾಲ್ಕಾಟ್ ಕೂಡ ಅವನನ್ನು ಎರಡು ಸಲ ಕೆಡವಿದ್ದ.

ಪ್ರಶ್ನೆಗಳಿಗೆ ಬರೋಣ.

ಕಾಲೇಜು ಹುಡುಗನೊಬ್ಬ ಕೇಳಿದ: "ಸರ್, ನಮ್ಮ ದೇಶದವರು ಯಾರೂ ಇವರ ಎದುರು ನಿಂತಿಲ್ಲವೇ?"

ನಿಂತಿದ್ದಾರೆ. 1980ರ ಜನವರಿಯಲ್ಲಿ ಅಲಿ ಭಾರತಕ್ಕೆ ಬಂದಿದ್ದಾಗ ದೆಹಲಿಯಲ್ಲಿ ನಡೆದ ಪ್ರದರ್ಶನ ಪಂದ್ಯದಲ್ಲಿ ನಮ್ಮ ಸೇನೆಯ ಕೌರ್ ಸಿಂಗ್ ಎದುರಾಳಿ. ಪ್ರದರ್ಶನವೇ, ಗೆಲುವು ಸೋಲಿನ ಲೆಕ್ಕವಿಲ್ಲ. ಎರಡು ವರ್ಷದ ನಂತರ ಅದೇ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಕೌರ್ ಸಿಂಗ್ ಹೆವಿವೇಟ್ ಚಿನ್ನ ಗೆದ್ದ.

ಹಳೇ ಪೇಟೆಯ ಪೈಲ್ವಾನರೊಬ್ಬರು, ಅವರ ಕಿವಿ ನೋಡಿದರೆ ಎಷ್ಟು ವರ್ಷ ಮಟ್ಟಿಯಲ್ಲಿ ಹೊರಳಿದವರು ಎಂದು ತಿಳಿಯುತ್ತದೆ, ಕೇಳಿದರು: "ವಯಸ್ಸಾದವರ ಗೆಲುವಿಗೆ ಬೆಲೆಯಿಲ್ಲವೇ ಮೇಷ್ಟ್ರೇ? ಫೋರ್‌ಮನ್?"

ಬೆಲೆ ಇದೆ ಪೈಲ್ವಾನರೇ. ಹತ್ತು ವರ್ಷ ಆಟ ಬಿಟ್ಟು, ಪಾದ್ರಿಯಾಗಿ, ಮತ್ತೆ ಬಂದು, 1994ರ ನವೆಂಬರ್ 5ರಂದು 45ನೇ ವಯಸ್ಸಿನಲ್ಲಿ ಮೈಕೆಲ್ ಮೂರರ್‌ನನ್ನು ಹತ್ತನೇ ಸುತ್ತಿನಲ್ಲಿ ಒಂದೇ ಬಲಗೈ ಏಟಿಗೆ ಕೆಡವಿದ. ಅಂಕದಲ್ಲಿ ಅವನು ಹಿಂದಿದ್ದ. ಆ ಏಟನ್ನು ಹೊಡೆಯಲು ಇಪ್ಪತ್ತು ವರ್ಷಗಳ ಹಿಂದಿನ ಫೋರ್‌ಮನ್‌ಗೆ ತಾಳ್ಮೆಯೇ ಇರುತ್ತಿರಲಿಲ್ಲ.

ಕೊನೆಯ ಪ್ರಶ್ನೆ ಒಬ್ಬ ಹುಡುಗಿಯದು, ಜಿಲ್ಲಾ ಮಟ್ಟದಲ್ಲಿ ಆಡುತ್ತಾಳಂತೆ: "ಇವರ ಪಂದ್ಯಗಳಲ್ಲಿ ಮೊದಲು ಯಾವುದನ್ನು ನೋಡಲಿ?"

ಎಲ್ಲರೂ 1966ರ ಅಲಿ ಮತ್ತು ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಪಂದ್ಯ ಎನ್ನುತ್ತಾರಮ್ಮ. ಅಲಿಯ ಕಾಲುಗಳಿಗಾಗಿ ನೋಡು, ಫಲಿತಾಂಶಕ್ಕಾಗಿ ಬೇಡ. ಅದಕ್ಕೆ ಎರಡು ವರ್ಷ ಮೊದಲು ಪೊಲೀಸರ ಗುಂಡು ತಗುಲಿ ವಿಲಿಯಮ್ಸ್ ಒಂದು ಮೂತ್ರಪಿಂಡ ಕಳೆದುಕೊಂಡಿದ್ದ. ಜಾನ್ಸನ್‌ನ ಚಿತ್ರಗಳನ್ನು ನೋಡುವುದಾದರೆ ವೇಗ ಸರಿಪಡಿಸಿದ ಪ್ರತಿ ಹುಡುಕು. ಮೂಕಿ ಕಾಲದ ಫಿಲ್ಮನ್ನು ತಪ್ಪು ವೇಗದಲ್ಲಿ ಓಡಿಸಿದರೆ ಎಂಥ ಬಾಕ್ಸರನೂ ಕೋಡಂಗಿಯಂತೆ ಕಾಣುತ್ತಾನೆ, ಹಳಬರಿಗೆ ವಿದ್ಯೆ ಇರಲಿಲ್ಲ ಎಂದು ಅರ್ಧ ಜನ ನಂಬಿರುವುದು ಇದರಿಂದಲೇ. ನಾನಾದರೆ ಲೂಯಿಸ್ ಮತ್ತು ಕಾನ್ ಪಂದ್ಯದಿಂದ ಶುರುಮಾಡುತ್ತೇನೆ. ವಿವರಣೆಕಾರನ ಧ್ವನಿ ಆರಿಸಿಬಿಡು. ಹನ್ನೆರಡನೇ ಸುತ್ತಿನ ಗಂಟೆ ಹೊಡೆದಾಗ ನಿಲ್ಲಿಸಿ ನಿನ್ನದೇ ಅಂಕ ಬರೆದಿಡು, ಆಮೇಲೆ 13ನೇ ಸುತ್ತು ನೋಡು.